ಗುತ್ತಿಗೆಯ ಆಯ್ಕೆಯೂ ಪುರಸಭೆಗಳ ಹೊಣೆಯೂ

ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಗಟಾರ, ರಸ್ತೆ, ನಳದ ಕೊಳವೆಗಳ ಕೆಲಸವು ಯಾರ ಪಾಲಾಯಿತೆಂಬುದನ್ನು ಪಟ್ಟಣಿಗರು ಬಲ್ಲರು. ಯಾವ ಕ್ರಮದಿಂದ ಅವರ ಪಾಲಾಯಿತೆಂಬುದನ್ನು ಬಲ್ಲವರು ವಿರಳ. ಇದು ಗುತ್ತೇದಾರರ ಲಾಭನಷ್ಟದ ಮಾತೆಂದು ಯಾರೂ ಉಪೇಕ್ಷಿಸಕೂಡದು. 2022ರ ಮೇ-ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರನ್ನು ಕುಡಿದು ಜನರು ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಗುತ್ತಿಗೆಯ ಕ್ರಮವೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ನೀರಿನ ಕಾಮಗಾರಿಯು ಕೆಟ್ಟರೆ ಅದರ ಬೆಲೆಯನ್ನು ತೆರತಕ್ಕವರು ಯಾರೆಂಬುದನ್ನು ಅದು ಸ್ಪಷ್ಟವಾಗಿ ತೋರಿಸಿತು.

ಕಾಯಿದೆಯ ಕೊರತೆಯೇನೂ ಇಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮವು 2000ದಲ್ಲಿಯೇ ಜಾರಿಗೆ ಬಂದಿತು. ಟೆಂಡರನ್ನು ಬಹಿರಂಗವಾಗಿ ಕರೆಯಬೇಕು; ಅರ್ಹರಲ್ಲಿ ಕನಿಷ್ಠ ದರದವನಿಗೆ ಕೆಲಸ ಕೊಡಬೇಕು; ಅನ್ಯಾಯವಾಯಿತೆಂಬವನಿಗೆ ಮೇಲ್ಮನವಿಯ ಹಕ್ಕೂ ಉಂಟು. ಇಷ್ಟಿದ್ದೂ 2021ರ ಜುಲೈಯಲ್ಲಿ ರಾಜ್ಯ ಗುತ್ತಿಗೆದಾರರ ಸಂಘವು ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಶೇಕಡಾ 40ರಷ್ಟು ಕಮಿಷನ್ ಕೇಳಲಾಗುತ್ತಿದೆಯೆಂದು ದೂರಿಕೊಂಡಿತು. ಆರೋಪದಲ್ಲಿ ಅರ್ಧದಷ್ಟೇ ನಿಜವಿದ್ದರೂ ಉಳಿದ ಹಣದಲ್ಲಿ ಎಂಥ ರಸ್ತೆಯಾದೀತು?

ನಮ್ಮ ಮುಖ್ಯ ಆಕ್ಷೇಪವು ಅದೇ ಅಧಿನಿಯಮದ 4(ಜಿ) ಕಲಮಿನ ಮೇಲಿದೆ. ಸರಕಾರವು ಅಧಿಸೂಚನೆ ಹೊರಡಿಸಿ ಯಾವುದೇ ಕೆಲಸವನ್ನು ಟೆಂಡರಿನಿಂದ ಹೊರಗಿಡಬಹುದೆಂದು ಅದು ಹೇಳುತ್ತದೆ. ಆಪತ್ಕಾಲಕ್ಕೆಂದು ಇಟ್ಟ ಹಿತ್ತಿಲ ಬಾಗಿಲು ತಲಬಾಗಿಲಾಗಿ ಪರಿಣಮಿಸಿದೆ. ಹೀಗೆ ಹೊರಗಿಟ್ಟ ಕೆಲಸಗಳು ಬಹುಮಟ್ಟಿಗೆ ನಿರ್ಮಿತಿ ಕೇಂದ್ರಕ್ಕೋ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮಕ್ಕೋ ಹೋಗುತ್ತವೆ. ಈ ನಿಗಮವು 1974ರಲ್ಲಿ ಭೂಸೇನೆಯೆಂಬ ಹೆಸರಿನಿಂದ ಹುಟ್ಟಿದುದು, ನಡುವಿನ ಗುತ್ತಿಗೆದಾರನನ್ನು ತಪ್ಪಿಸಿ ಹಳ್ಳಿಯ ನಿರುದ್ಯೋಗಿಗೆ ನೇರವಾಗಿ ಕೂಲಿ ಒದಗಿಸುವುದಕ್ಕಾಗಿ. ಉದ್ದೇಶವು ಶ್ಲಾಘ್ಯವೇ. ಆದರೆ ಸ್ಪರ್ಧೆಯಿಲ್ಲದೆ ದೊರೆತ ಕೆಲಸವು ಒಳಗಿಂದೊಳಗೆ ಮತ್ತೊಬ್ಬನ ಕೈಗೆ ಜಾರಿದರೆ, ತಪ್ಪಿಸಿದ ಗುತ್ತಿಗೆದಾರನೇ ಮರೆಯಲ್ಲಿ ನಿಂತಂತಾಯಿತು. ಅವನ ದರವನ್ನು ಯಾರೂ ಹೋಲಿಸಿರುವುದಿಲ್ಲ. ಪುರಸಭೆಯ ಸದಸ್ಯನು ಕೇಳಿದರೆ ಉತ್ತರ ಕೊಡುವವರೂ ಇರುವುದಿಲ್ಲ. 371(ಜೆ) ವಿಧಿಯ ಫಲವಾಗಿ ಈ ಪ್ರಾಂತಕ್ಕೆ ದೊಡ್ಡ ಮೊತ್ತದ ಅನುದಾನ ಬರುತ್ತಿರುವಾಗ ಈ ಚಿಂತೆ ಇಮ್ಮಡಿಸುತ್ತದೆ. (ಗುತ್ತೇದಾರನೆಂಬುದು ನಮ್ಮ ಕಡೆ ಮನೆತನದ ಹೆಸರೇ ಆಗಿದೆ, ನಿಜಾಮರ ಕಾಲದ ಅಬಕಾರಿ ಗುತ್ತಿಗೆಯ ನೆನಪು ಅಷ್ಟು ಗಟ್ಟಿ!)

ಟೆಂಡರಿನಲ್ಲಿಯೂ ದೋಷಗಳಿಲ್ಲದಿಲ್ಲ. ಸಣ್ಣ ಕೆಲಸಗಳನ್ನು ಒಂದೇ ಪ್ಯಾಕೇಜಾಗಿ ಕಟ್ಟಿದರೆ ಊರಿನ ಗುತ್ತಿಗೆದಾರನು ಅನರ್ಹನಾಗುತ್ತಾನೆ. ದೊಡ್ಡ ಕೆಲಸವನ್ನು ತುಂಡರಿಸಿದರೆ ಟೆಂಡರೇ ತಪ್ಪುತ್ತದೆ. ಅಂದಾಜಿಗಿಂತ ತೀರ ಕೆಳಗಿನ ದರ ಹಾಕಿದವನಿಂದ ಹೆಚ್ಚಿನ ಭದ್ರತಾ ಠೇವಣಿ ಪಡೆಯುವುದಕ್ಕೆ ಅವಕಾಶವಿದೆ. ಅದನ್ನು ಬಳಸಲು ಅಧಿಕಾರಿಗಳು ಹಿಂಜರಿಯಬಾರದು. ಪರಿಶಿಷ್ಟ ಜಾತಿಗೆ ಶೇಕಡಾ 17.15, ಪಂಗಡಕ್ಕೆ 6.95ರಷ್ಟು ಕೆಲಸಗಳನ್ನು ಮೀಸಲಿರಿಸಿದ ತಿದ್ದುಪಡಿಯು ಮೊದಲು 50 ಲಕ್ಷ ರೂಪಾಯಿಗಳವರೆಗಿನ ಕಾಮಗಾರಿಗಳಿಗಿದ್ದು, 2023ರಲ್ಲಿ 1 ಕೋಟಿಗೇರಿತು. ದೇವದುರ್ಗ, ಮಾನ್ವಿಗಳೆರಡೂ ಪರಿಶಿಷ್ಟ ಪಂಗಡದ ಮೀಸಲು ವಿಧಾನಸಭಾ ಕ್ಷೇತ್ರಗಳು. ಇಲ್ಲಿಯೇ ಒಬ್ಬನ ಹೆಸರಿನ ಪರವಾನಗಿಯಲ್ಲಿ ಇನ್ನೊಬ್ಬನು ಕೆಲಸ ನಡೆಯಿಸಿದರೆ ಮೀಸಲಾತಿಯು ಕಾಗದದಲ್ಲಿಯೇ ಉಳಿದೀತು.

4(ಜಿ) ವಿನಾಯಿತಿ ಕೊಡುವ ಮೊದಲು ಆಯಾ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಅದರ ಕಾರಣವನ್ನು ಮಂಡಿಸಲಿ. ಪ್ರತಿ ಕಾಮಗಾರಿಯ ಬಳಿಯಲ್ಲಿ ಕೆಲಸ ಹಿಡಿದವನ ಹೆಸರು, ಬಂದ ಟೆಂಡರುಗಳ ಸಂಖ್ಯೆ, ಮಂಜೂರಾದ ಮೊತ್ತ, ದುರಸ್ತಿಯ ಹೊಣೆಯ ಅವಧಿ ಇವುಗಳನ್ನು ಕನ್ನಡದಲ್ಲಿ ಬರೆದ ಹಲಗೆ ನಿಲ್ಲಲಿ. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ. ಪುರಸಭೆಯ ಒಂದು ಠರಾವು ಸಾಕು. ಮುಂದಿನ ಸಭೆಯಲ್ಲಿ ಅದನ್ನು ಮಂಡಿಸುವ ಸದಸ್ಯರು ಯಾರೆಂದು ನೋಡಲು ನಾವು ಕುತೂಹಲಿಗಳಾಗಿದ್ದೇವೆ.