ಪ್ರಕಟವಾಗದ ಸುದ್ದಿ

ವೃತ್ತಪತ್ರಿಕೆಯು ಏನನ್ನು ಪ್ರಕಟಿಸಿತೆಂಬುದನ್ನು ವಾಚಕರು ನಿತ್ಯವೂ ವಿಮರ್ಶಿಸುವರು. ಏನನ್ನು ಪ್ರಕಟಿಸದೆ ಬಿಟ್ಟಿತೆಂದು ವಿಚಾರಿಸುವವರು ವಿರಳ. ಸಂಪಾದಕನ ಯೋಗ್ಯತೆಯು ಪರೀಕ್ಷೆಗೆ ಬರುವುದಾದರೋ ಈ ಎರಡನೆಯ ಎಡೆಯಲ್ಲಿಯೇ.

ಬಂದ ಸುದ್ದಿಯೆಲ್ಲವೂ ಅಚ್ಚಾಗತಕ್ಕದ್ದೆಂದು ವಿಚಾರಪರರಾರೂ ವಾದಿಸಲಾರರು. ಲೈಂಗಿಕ ಅಪರಾಧಕ್ಕೆ ಈಡಾದ ಮಗುವಿನ ಹೆಸರು, ಮನೆ, ಶಾಲೆಗಳನ್ನು ಪತ್ರಿಕೆಯು ಹೊರಗೆಡಹಕೂಡದೆಂದು 2012ರ ಪೋಕ್ಸೋ ಕಾಯಿದೆಯ 23ನೆಯ ಕಲಮು ವಿಧಿಸಿದೆ. ವಿಧಿಸದಿದ್ದರೂ ಸಜ್ಜನನಾದ ಸಂಪಾದಕನು ಹಾಗೆಯೇ ನಡೆಯುವನು. 1933ರ ತರುವಾಯ 2022ರಲ್ಲಿ ಹಿರಿಯೂರಿನ ವಾಣೀವಿಲಾಸ ಸಾಗರವು ಕೋಡಿ ಹರಿದಾಗ, ಕಟ್ಟೆಯೊಡೆಯಿತೆಂದು ಯಾವನಾದರೂ ಬರೆದು ಕಳುಹಿಸಿದ್ದರೆ, ನಿಜವನ್ನು ಶೋಧಿಸುವ ತನಕ ಅದನ್ನು ತಡೆಯುವುದೇ ಧರ್ಮವಾಗುತ್ತಿತ್ತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದುದರಿಂದ ಸಾಕ್ಷ್ಯವಿಲ್ಲದ ದೂಷಣೆಯನ್ನು ತಡೆಯುವುದೂ ನ್ಯಾಯವೇ ಸರಿ.

ಆದರೆ ಈ ಸತ್ಕಾರಣಗಳ ಮರೆಯಲ್ಲಿ ಬೇರೆ ಕಾರಣಗಳು ನುಸುಳುವುವು. ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳಲ್ಲಿ ಪತ್ರಿಕೆಯೊಂದು ಚಂದಾಹಣದಿಂದಲೇ ಬದುಕುವುದು ದುಸ್ತರ. ಸರ್ಕಾರದ ಪ್ರಕಟಣೆ, ವರ್ತಕರ ಜಾಹೀರಾತು, ಮುಖಂಡರ ಹುಟ್ಟುಹಬ್ಬದ ಶುಭಾಶಯಗಳೇ ಅದಕ್ಕೆ ಆಧಾರ. ಹಣ ಕೊಡುವವರ ಮೇಲೆ ದೂರು ಬಂದೊಡನೆ ‘ಇನ್ನೂ ಖಚಿತವಾಗಲಿ’, ‘ಜನ ಗಾಬರಿಗೊಂಡಾರು’ ಎಂಬ ನೆಪಗಳು ಹುಟ್ಟುವುವು. ಬಡವನ ಮೇಲೆ ಕಳವಿನ ಆರೋಪ ಬಂದಾಗ ಈ ಖಚಿತತೆಯನ್ನು ಕೇಳುವವರಿಲ್ಲ. ಮರುದಿನವೇ ಅವನ ಹೆಸರು, ಕೇರಿಗಳೆರಡೂ ಅಚ್ಚಾಗುವುವು.

2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತವಾದ ನೀರು ಕುಡಿದು ಜನರು ಮೃತಪಟ್ಟರು. ಅಂತಹ ಸುದ್ದಿಯನ್ನು ಗಾಬರಿಯ ನೆಪದಿಂದ ಒಂದು ದಿನ ತಡೆದರೆ, ಆ ದಿನವೂ ಹೆಂಗಸರು ಅದೇ ನಲ್ಲಿಯಲ್ಲಿ ಕೊಡ ತುಂಬುವರು.

1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಬಿಗಿಹಿಡಿಯುವ ಕಾನೂನನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 1975ರ ಜೂನಿನಲ್ಲಿ, ತುರ್ತುಪರಿಸ್ಥಿತಿಯ ಮೊದಲ ದಿನಗಳಲ್ಲಿ, ‘ಇಂಡಿಯನ್ ಎಕ್ಸ್‌ಪ್ರೆಸ್’ ತನ್ನ ಅಗ್ರಲೇಖನದ ಸ್ಥಳವನ್ನು ಬರಿದಾಗಿ ಬಿಟ್ಟಿತು. ಬಾಯಿ ಕಟ್ಟಿದವರಾರೆಂಬುದು ಆಗ ವಾಚಕರಿಗೆ ತಿಳಿದಿತ್ತು. ಜಾಹೀರಾತಿನ ಮುಲಾಜಿಗೆ ಕೈಬಿಟ್ಟ ಸುದ್ದಿಗೆ ಅಂತಹ ಬರಿಯ ಸ್ಥಳವೂ ಇರದು. ಅಲ್ಲಿ ಶುಭಾಶಯದ ಚಿತ್ರವೊಂದು ಕುಳಿತಿರುವುದು.

ತಡೆದ ಸುದ್ದಿಯಿಂದ ರಕ್ಷಣೆ ಯಾರಿಗೆ ದೊರೆಯಿತೆಂದು ಕೇಳಿದರೆ ಸಾಕು. ದುರ್ಬಲನಿಗೆ ದೊರೆತಿದ್ದರೆ ಆ ಮೌನವು ವಿವೇಕ. ಪ್ರಬಲನಿಗೆ ದೊರೆತಿದ್ದರೆ ಅದು ಭಯ, ಇಲ್ಲವೆ ವ್ಯಾಪಾರ. ವಾಚಕ ಮಹಾಶಯರೂ ಇದರಲ್ಲಿ ನಿರ್ದೋಷಿಗಳಲ್ಲ. ನೆರೆಮನೆಯ ಪತ್ರಿಕೆಯನ್ನು ಎರವಲು ತಂದು ಓದುವವರು, ಅದನ್ನು ಸಾಕುವ ಭಾರವನ್ನು ಜಾಹೀರಾತುದಾರನಿಗೆ ಬಿಟ್ಟು, ಸಂಪಾದಕನಿಂದ ಧೈರ್ಯವನ್ನು ಅಪೇಕ್ಷಿಸುವುದು ಎಷ್ಟರಮಟ್ಟಿಗೆ ನ್ಯಾಯ?