ಹೆಣ್ಣು ಔಷಧಿಯಲ್ಲ

"ಮದುವೆ ಮಾಡಿದರೆ ಸರಿಹೋಗುತ್ತಾನೆ." ಕುಡಿಯುವ ಮಗನ ಬಗ್ಗೆ ಈ ಮಾತನ್ನು ನಾನು ನಮ್ಮ ಬಣಕಲ್ ಸುತ್ತಿನ ಸಾಹುಕಾರರ ಜಗಲಿಯಲ್ಲೂ ಕೇಳಿದ್ದೇನೆ, ತೋಟದ ಕೂಲಿ ಲೈನುಗಳಲ್ಲೂ ಕೇಳಿದ್ದೇನೆ. ಹೆಣ್ಣಿನ ಕಡೆಯಿಂದ ವರದಕ್ಷಿಣೆ ಪಡೆದು, ಅದರಲ್ಲಿ ಗಂಡಿನ ಸಾಲ ತೀರಿಸಿ, ಅವನ ಕಾಯಿಲೆಯನ್ನೂ ಅವಳ ಹೆಗಲಿಗೇ ಹೊರಿಸುವ ಏರ್ಪಾಡು ಇದು. ಅವನು ಸುಧಾರಿಸದಿದ್ದರೆ "ಗಂಡನನ್ನು ಹದ್ದುಬಸ್ತಿನಲ್ಲಿ ಇಡಲು ಬರಲಿಲ್ಲ" ಎಂಬ ದೂರೂ ಅವಳ ಮೇಲೆಯೇ.

ಕುಡಿತದ ಚಟ ಒಂದು ಕಾಯಿಲೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯದ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ. ಮದ್ಯ ಯಕೃತ್ತನ್ನು, ನರಗಳನ್ನು ಕೆಡಿಸುತ್ತದೆ. ಬಿ1 ಜೀವಸತ್ವದ ಕೊರತೆಯಾಗಿ ನೆನಪಿನ ಶಕ್ತಿ ಹೋಗಬಹುದು. ಖಿನ್ನತೆ ಇದ್ದವನು ಅದನ್ನು ಮರೆಯಲು ಕುಡಿಯುತ್ತಾನೆ. ಕುಡಿತ ಖಿನ್ನತೆಯನ್ನೇ ಹೆಚ್ಚಿಸುತ್ತದೆ. ಹೆಂಡತಿಯ ಶೀಲದ ಮೇಲಿನ ಸಂಶಯವೂ ಹಲವರಲ್ಲಿ ಇದರ ಜೊತೆಗೇ ಬೆಳೆಯುತ್ತದೆ. ನಮ್ಮ ಮಲೆನಾಡಿನ ಮಳೆ-ಚಳಿಗೆ "ಸ್ವಲ್ಪ ಬೇಕು" ಎನ್ನುವುದೂ ಸುಳ್ಳು. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆನಿಸುತ್ತದೆ ಅಷ್ಟೆ. ಒಳಗಿನ ಶಾಖ ಹೊರಹೋಗುತ್ತದೆ.

ಘಟ್ಟ ಇಳಿದು ಧರ್ಮಸ್ಥಳದಲ್ಲಿ ಆಣೆ ಇಟ್ಟು ಬಂದವರನ್ನು ನಾವೆಲ್ಲ ಬಲ್ಲೆವು. ಮನಸ್ಸಿನ ನಿರ್ಧಾರ ಒಳ್ಳೆಯದೇ. ಆದರೆ ದಿನವೂ ವಿಪರೀತ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅದು ದೆವ್ವದ ಕಾಟವಲ್ಲ, ಆಸ್ಪತ್ರೆಗೆ ಕರೆದೊಯ್ಯಬೇಕು. ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವುದೂ ಬೇಡ. ಅದು ತಿಳಿಯದೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಸಾಯಬಹುದು.

ಇನ್ನು ಅವಳ ಆರೋಗ್ಯ? ಬಟವಾಡೆಯ ದಿನ, ಸಂತೆಯ ದಿನ ಸಂಜೆಯಾದರೆ ಎದೆ ಡವಗುಟ್ಟುತ್ತದೆ. ನಿದ್ರೆಯಿಲ್ಲ, ತಲೆನೋವು, ಹೊಟ್ಟೆಯುರಿ. ಆಸ್ಪತ್ರೆಗೆ ಹೋದರೆ ಗ್ಯಾಸ್ಟ್ರಿಕ್ ಮಾತ್ರೆ, ಒಂದು ಟಾನಿಕ್. ಮನೆಯಲ್ಲಿ ಏನಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಅವಳಿಗೂ ಚಿಕಿತ್ಸೆ ಬೇಕು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ವಿಸ್ಕಿ ಪ್ಯಾಕೆಟಿಗೆ ಹೋಯಿತು, ಹೊಡೆತ ನಿಲ್ಲಲಿಲ್ಲ. ಯಾಕೆಂದರೆ ಕುಡಿತ ಕಾಯಿಲೆಯಾದರೂ ಹೊಡೆತ ಕಾಯಿಲೆಯಲ್ಲ. "ಪ್ರಜ್ಞೆ ಇರಲಿಲ್ಲ" ಎನ್ನುವವನು ದಾರಿಯಲ್ಲಿ ಸಿಕ್ಕ ರೈಟರಿಗೆ, ಮೇಸ್ತ್ರಿಗೆ ಕೈ ಎತ್ತುವುದಿಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆಯೇ ಅವನ ಪ್ರಜ್ಞೆ ತಪ್ಪುತ್ತದೆ! ಕಾಯಿಲೆಗೆ ವೈದ್ಯರಿದ್ದಾರೆ, ಹೊಡೆತಕ್ಕೆ ಕಾನೂನಿದೆ. ಎರಡೂ ಬೇಕು; ಒಂದು ಇನ್ನೊಂದಕ್ಕೆ ನೆಪವಾಗಬಾರದು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಡಿ ರಕ್ಷಣೆ ಕೇಳಬಹುದು, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮಹಿಳಾ ಸಹಾಯವಾಣಿ 181. ಮನಸ್ಸಿನ ತೊಂದರೆಗೆ, ಕುಡಿತದ ಚಟಕ್ಕೆ ಟೆಲಿ ಮಾನಸ್ 14416. ಹಗಲು ರಾತ್ರಿ ಉಚಿತವಾಗಿ ಮಾತನಾಡಬಹುದು.

ಗೆಳತಿಯರೇ, ಗಂಡು ನೋಡುವಾಗ ತೋಟ ಎಷ್ಟು ಎಕರೆ ಎಂದು ಕೇಳುತ್ತೇವೆ, ಜಾತಕ ಕೇಳುತ್ತೇವೆ. ಕುಡಿತದ ಬಗ್ಗೆಯೂ ನೇರವಾಗಿ ಕೇಳೋಣ. "ಸರಿಹೋಗುತ್ತಾನೆ" ಎಂದರೆ, ಮೊದಲು ಚಿಕಿತ್ಸೆ ಮಾಡಿಸಿ, ಮದುವೆ ಮಾತು ಆಮೇಲೆ ಎನ್ನೋಣ. ಗಂಡುಮಕ್ಕಳ ತಾಯಂದಿರಾಗಿ ಈ ಮಾತನ್ನು ನಾವೇ ಮೊದಲು ಹೇಳಬೇಕು.