‘ಇನ್ವಾಲ್ವ್ಡ್ ಇನ್’ ಅಂದ್ರೆ ಏನ್ ಮಾಡಿದ್ರಿ ಸ್ವಾಮಿ?

ಮೂರು ವಾರದ ಹಿಂದೆ ನಮ್ಮ ಟೀಮಿಗೆ ಇಬ್ಬರು ಬೇಕು ಅಂತ ಮ್ಯಾನೇಜರು ಅರವತ್ತು ಚಿಲ್ಲರೆ ರೆಸ್ಯೂಮೆಗಳನ್ನು ನನ್ನ ತಲೆಗೆ ಕಟ್ಟಿದರು. ಶುಕ್ರವಾರ ಮಧ್ಯಾಹ್ನ, ಊಟ ಮುಗಿಸಿ ಕಣ್ಣು ಎಳೀತಿರುವಾಗ ಜಾಲಾಡೋಕೆ ಕೂತೆ. ನಿಜ ಹೇಳ್ತೀನಿ, ಒಂದೊಂದಕ್ಕೆ ಅರ್ಧ ನಿಮಿಷವೂ ಕೊಡಲಿಲ್ಲ. ಅವುಗಳಲ್ಲಿ ಒಂದು ನಮ್ಮ ಕಡೆಯ ಹುಡುಗನದು. ಮೂರು ಪುಟ. ಮೊದಲನೇ ಪುಟದ ತುಂಬ ಸಿ ಪ್ಲಸ್ ಪ್ಲಸ್‌ನಿಂದ ಕುಬರ್ನೆಟಿಸ್‌ವರೆಗೆ ಗೊತ್ತಿರೋದೆಲ್ಲದರ ಪಟ್ಟಿ. ಎರಡನೇ ಪುಟದಲ್ಲಿ ‘ಬಿಲ್ಲಿಂಗ್ ಅಪ್ಲಿಕೇಶನ್ನಿನ ಮೇಂಟೆನೆನ್ಸ್‌ನಲ್ಲಿ ಇನ್ವಾಲ್ವ್ಡ್’ ಅಂತ ಒಂದು ಸಾಲು. ಪಕ್ಕಕ್ಕಿಟ್ಟೆ.

ಹತ್ತು ದಿನ ಕಳೆದ ಮೇಲೆ ಚಹಾ ಕುಡೀತಾ ಗೆಳೆಯನೊಬ್ಬ ಅದೇ ಹುಡುಗನ ಮಾತೆತ್ತಿದ. ಇಬ್ಬರೂ ಮೊದಲು ಒಂದೇ ಕಂಪನಿಯಲ್ಲಿದ್ದವರಂತೆ. ಅಲ್ಲಿ ತಿಂಗಳ ಕೊನೆಯ ಬಿಲ್ಲಿಂಗ್ ಜಾಬು ಆರು ಗಂಟೆ ಓಡಿ, ನಡುವೆ ಬಿದ್ದು, ರಾತ್ರಿಯೆಲ್ಲಾ ಯಾರಾದರೂ ಕಾಯ್ಕೊಂಡು ಕೂರಬೇಕಿತ್ತಂತೆ. ಈ ಹುಡುಗ ಹೇಳದೇ ಕೇಳದೇ ಕ್ವೆರಿಗಳನ್ನೆಲ್ಲ ಒಂದೊಂದಾಗಿ ನೋಡಿ, ಒಂದು ಟೇಬಲ್ಲಿಗೆ ಇಂಡೆಕ್ಸೇ ಇಲ್ಲ ಅಂತ ಕಂಡುಹಿಡಿದು, ನಲವತ್ತು ನಿಮಿಷಕ್ಕೆ ಇಳಿಸಿದನಂತೆ. ಆಮೇಲೆ ರಾತ್ರಿ ಪಾಳಿಯೇ ನಿಂತುಹೋಯಿತಂತೆ. ಚಹಾ ಗಂಟಲಲ್ಲಿ ಇಳೀಲಿಲ್ಲ. ನಮಗೆ ಬೇಕಾಗಿದ್ದುದೇ ಅಂಥವನು! ಅಷ್ಟರಲ್ಲಿ ಎರಡೂ ಜಾಗ ಭರ್ತಿ.

ಫೋನ್ ಮಾಡಿ ಕೇಳಿದೆ, ಇದನ್ನ್ಯಾಕೆ ಬರೀಲಿಲ್ಲ ಮಾರಾಯ? “ಅದು ನನ್ನ ಕೆಲಸಾನೇ ಅಲ್ವಾ ಸರ್, ಅದ್ರಲ್ಲಿ ಹೇಳ್ಕೊಳ್ಳೋಕೆ ಏನಿದೆ?” ಅಂದ. ಲೇಆಫ್ ಆಗಿ ನಾಲ್ಕು ತಿಂಗಳಾಗಿತ್ತು ಅವನಿಗೆ.

ತಪ್ಪು ನನ್ನದೂ ಹೌದು. ಆದರೆ ಈ ‘ಏನಿದೆ’ ಅನ್ನೋದು ನಮ್ಮಲ್ಲಿ ಬಹಳ ಜನರ ಕಾಯಿಲೆ. ಕರ್ಣಪರ್ವದ ಕಥೆ ನೆನಪಿದೆಯಲ್ಲ, ಗಾಂಡೀವವನ್ನು ಹಂಗಿಸಿದ ಅಣ್ಣನ ಮೇಲೆ ಕತ್ತಿ ಹಿರಿದ ಅರ್ಜುನ, ಆಮೇಲೆ ಪ್ರಾಣ ಬಿಡ್ತೀನಿ ಅಂತ ಹೊರಟಾಗ ಕೃಷ್ಣ ಹೇಳಿದ್ದು: ನಿನ್ನನ್ನು ನೀನೇ ಹೊಗಳಿಕೋ ಸಾಕು, ಅದು ಆತ್ಮಹತ್ಯೆಗೆ ಸಮ. ನಾವು ಅದನ್ನೇ ಕೇಳ್ಕೊಂಡು ಬೆಳೆದವರು. ಆದರೆ ಸ್ವಾಮಿ, ಅರ್ಜುನ ಯಾರು ಅಂತ ಆ ರಣರಂಗದಲ್ಲಿ ಆನೆ ಕುದುರೆಗಳಿಗೂ ಗೊತ್ತಿತ್ತು. ಅವನು ಎಚ್ಆರ್‌ಗೆ ಪಿಡಿಎಫ್ ಕಳಿಸಬೇಕಾಗಿರಲಿಲ್ಲ :-)

ಈಗ ಇದರ ಉಲ್ಟಾ ಕಾಯಿಲೆಯೂ ಶುರುವಾಗಿದೆ. ಚಾಟ್‌ಜಿಪಿಟಿಗೆ ಕೊಟ್ಟು ತಿದ್ದಿಸಿದ ರೆಸ್ಯೂಮೆಗಳು ಎರಡೇ ಸಾಲಿಗೆ ಗೊತ್ತಾಗಿಬಿಡುತ್ತವೆ. ಎಲ್ಲರೂ ‘ಸ್ಪಿಯರ್‌ಹೆಡ್’ ಮಾಡಿದವರೇ, ಎಲ್ಲರೂ ಏನನ್ನೋ 40% ಹೆಚ್ಚಿಸಿದವರೇ. ಯಾವುದರ ನಲವತ್ತು? ಎಷ್ಟಿತ್ತು, ಎಷ್ಟಾಯ್ತು? ಇಂಟರ್‌ವ್ಯೂನಲ್ಲಿ ಇಷ್ಟು ಕೇಳಿದರೆ ಸಾಕು, ಉತ್ತರಕುಮಾರನ ರಥ ವಾಪಸ್ ತಿರುಗುತ್ತೆ.

ನನ್ನ ಪ್ರಕಾರ ಹೊಗಳಿಕೆ ಬೇರೆ, ವರದಿ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ, ಸುಮಾರು 950ರದ್ದು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ತಕ್ಕೋಲದ ಯುದ್ಧದಲ್ಲಿ ಮೆಚ್ಚಿಸಿದ್ದಕ್ಕೆ ಮಣಲೇರ ಅನ್ನುವವನು ಗಂಗರ ಬೂತುಗನಿಂದ ‘ಕಾಳಿ’ ಅನ್ನೋ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ಯಾವ ನಾಡು, ಯಾವ ಊರಿನ ಯಾವ ದಿಕ್ಕಿನ ಗುಡ್ಡ, ಎಲ್ಲಾ ಕಲ್ಲಿನ ಮೇಲಿದೆ. ನಾಯಿ ‘ಬೇಟೆಯಲ್ಲಿ ಇನ್ವಾಲ್ವ್ ಆಗಿತ್ತು’ ಅಂತ ಬರೆಸಿದ್ದರೆ ಸಾವಿರ ವರ್ಷದ ಮೇಲೆ ಯಾರು ಓದ್ತಿದ್ರು? ಒಂದು ನಾಯಿಗೆ ಸಿಕ್ಕಿದ ನ್ಯಾಯ ಇಂಜಿನಿಯರಿಗೆ ಬೇಡವೇ!

ಇನ್ನೊಂದು ತೊಡಕು ಭಾಷೆಯದು. ನಮ್ಮ ಸರ್ಕಾರಿ ಪತ್ರಗಳ ‘ಕ್ರಮ ಕೈಗೊಳ್ಳಲಾಗಿದೆ’ ಇದೆಯಲ್ಲ, ಕೈಗೊಂಡವರು ಯಾರು ಅಂತ ದೇವರಿಗೇ ಗೊತ್ತು. ನಮ್ಮ ರೆಸ್ಯೂಮೆ ಇಂಗ್ಲಿಷೂ ಅದೇ ಜಾತಿ. ‘ನಾವು ಮಾಡಿದೆವು’ ಅಂದರೆ ವಿನಯ ಅಂದುಕೊಳ್ತೀವಿ, ಆದರೆ ಓದುವವನಿಗೆ ಬೇಕಾಗಿರೋದು ಆ ಎಂಟು ಜನರಲ್ಲಿ ನಿಮ್ಮ ಕೈ ಎಲ್ಲಿತ್ತು ಅನ್ನೋದು. ಎಂಟು ಜನರ ಕೆಲಸವನ್ನ ನನ್ನದು ಅನ್ನೋದು ಸುಳ್ಳು, ನನ್ನದನ್ನ ಎಂಟು ಜನಕ್ಕೆ ಹಂಚಿ ಬರೆಯೋದೂ ಪೂರ್ತಿ ನಿಜ ಅಲ್ಲ. ಕ್ಲೈಂಟಿನ ಹೆಸರು ಹೇಳೋ ಹಾಗಿಲ್ಲ ಅನ್ನೋರಿಗೆ: ಹೆಸರು ಬೇಡ, ‘ಒಂದು ಬ್ಯಾಂಕು’ ಅಂದರೂ ಆಯ್ತು.

ಮೊನ್ನೆ ಭಾನುವಾರ ಅವನ ಜೊತೆ ಫೋನಲ್ಲೇ ಕೂತು ಬರೆಸಿದೆ. ಬಿಲ್ಲಿಂಗ್ ಜಾಬಿನ ಸಾಲು ಈಗ ಮೊದಲ ಪುಟದ ನೆತ್ತಿಯಲ್ಲಿದೆ: ಏನು ಕೆಟ್ಟಿತ್ತು, ನಾನೇನು ಮಾಡಿದೆ, ಆರು ಗಂಟೆಯಿಂದ ನಲವತ್ತು ನಿಮಿಷ, ರಾತ್ರಿ ಪಾಳಿ ರದ್ದು. ‘ನಾನು’ ಅನ್ನೋ ಕಡೆಯೆಲ್ಲ ಅವನು ಒಂದು ಕ್ಷಣ ತಡೀತಿದ್ದ. ಪಟ್ಟಿಯಿಂದ ಅರ್ಧ ಟೂಲುಗಳನ್ನ ಕಿತ್ತು ಹಾಕಿದ್ವಿ. ಕೊನೆಯಲ್ಲಿ ‘ಮೇಲ್ಕಂಡದ್ದೆಲ್ಲಾ ನನಗೆ ತಿಳಿದಮಟ್ಟಿಗೆ ಸತ್ಯ’ ಅಂತ ಡಿಕ್ಲರೇಶನ್ನು, ಸ್ಥಳ, ತಂದೆಯ ಹೆಸರು ಇತ್ತು. ಇದು ಬೇಡ ಕಣೋ, ಈಗ ಯಾರೂ ಹಾಕಲ್ಲ ಅಂದೆ. “ಇರ್ಲಿ ಬಿಡಿ ಸರ್, ಇಷ್ಟೆಲ್ಲಾ ಹೇಳ್ಕೊಂಡ ಮೇಲೆ ಅದೊಂದಾದ್ರೂ ಇರ್ಲಿ” ಅಂದ. ಬಿಟ್ಟೆ. ಇವತ್ತು ಬೆಳಗ್ಗೆ ಮೂರು ಕಡೆ ಕಳಿಸಿದ್ದೀನಿ. ನಿಮ್ಮ ಆಫೀಸಲ್ಲಿ ಯಾರಾದರೂ ಹುಡುಕ್ತಿದ್ದರೆ ಹೇಳಿ.